ಬದರಿಯ ಹಾದಿಯಲ್ಲಿ ನಡೆಯುವವನು ಯಾರು?

(ಮಧ್ವನವಮಿಯ ಉತ್ಸವದಲ್ಲಿ ಮಾಡಿದ ಪ್ರವಚನದ ಬರಹರೂಪ)



ಮಾಘ ಶುಕ್ಲ ನವಮಿಯು ನಮಗೆಲ್ಲ ಮಹಾಪರ್ವ. ಉಡುಪಿಯ ಶ್ರೀ ಅನಂತೇಶ್ವರನ ಸನ್ನಿಧಿಯಲ್ಲಿ ಐತರೇಯೋಪನಿಷತ್ತಿನ ಪಾಠವನ್ನು ಹೇಳುತ್ತಿದ್ದ ಶ್ರೀಮದಾಚಾರ್ಯರ ಮೇಲೆ ದೇವತೆಗಳು ಪುಷ್ಪವೃಷ್ಟಿಯನ್ನು ಕರೆದರೆಂದೂ, ಆ ಹೂರಾಶಿಯ ನಡುವಿನಿಂದ ಅವರು ಅದೃಶ್ಯರಾಗಿ ಬದರಿಗೆ ತೆರಳಿದರೆಂದೂ ನಮ್ಮ ಸಂಪ್ರದಾಯವು ನಂಬಿಕೊಂಡು ಬಂದಿದೆ. ಆದ್ದರಿಂದ ಮಾಧ್ವರ ಮನೆಗಳಲ್ಲಿ ಬದರಿ ಎಂದರೆ ಭೂಪಟದ ಒಂದು ಊರಲ್ಲ. ಅದು ನಮ್ಮ ಗುರುಗಳು ಇಂದಿಗೂ ಶ್ರೀವೇದವ್ಯಾಸದೇವರ ಪಾದಸೇವೆಯಲ್ಲಿ ಇರುವ ಸ್ಥಾನ. ಜೀವಮಾನದಲ್ಲಿ ಒಮ್ಮೆಯಾದರೂ ಆ ಕಡೆಗೆ ಹೆಜ್ಜೆಯಿಡಬೇಕೆಂಬ ಹಂಬಲವು ನಮ್ಮ ಹಿರಿಯರಲ್ಲಿ ಬೇರೂರಿರುವುದು ಸಹಜವೇ ಆಗಿದೆ.

ಹಿಂದೊಂದು ಮಧ್ವನವಮಿಯಂದು ಪ್ರವಚನ ಮುಗಿದು, ತೀರ್ಥಪ್ರಸಾದವಾಗಿ, ಜನರೆಲ್ಲ ಎಲೆಯ ಮುಂದೆ ಕುಳಿತ ಹೊತ್ತಿನಲ್ಲಿ ಗೃಹಸ್ಥರೊಬ್ಬರು ಪ್ರಾಕಾರದ ಕಂಬದ ಬಳಿ ಒಬ್ಬರೇ ನಿಂತಿದ್ದರು. "ಆಚಾರ್ಯರೇ, ಒಂದು ಸಂದೇಹ, ಕೇಳಲೇ?" ಎಂದರು. "ಕೇಳಿ ರಾಯರೇ" ಎಂದೆ. ಅವರು ಹೇಳಿದ್ದಿಷ್ಟು:

"ನಮ್ಮ ತಾಯಿಯವರಿಗೆ ಬದರಿಗೆ ಹೋಗಬೇಕೆಂದು ಇಪ್ಪತ್ತು ವರ್ಷದ ಆಸೆ. ನಾನು ರಜೆಯ ನೆಪದಿಂದ ವರ್ಷ ವರ್ಷವೂ ಮುಂದಕ್ಕೆ ಹಾಕಿದೆ. ಕೊನೆಗೆ 2013ರ ಜೂನ್ ತಿಂಗಳಲ್ಲಿ ಕರೆದುಕೊಂಡು ಹೊರಟೆ. ಹನುಮಾನ್ ಚಟ್ಟಿಯಿಂದ ಮೇಲಕ್ಕೆ ಸ್ವಲ್ಪ ದೂರವಾದರೂ ನಡೆದೇ ಹೋಗುತ್ತೇನೆ ಎಂದು ಅಮ್ಮ ಸಂಕಲ್ಪ ಮಾಡಿಕೊಂಡಿದ್ದರು. ಜೋಶಿಮಠ ಮುಟ್ಟಿದೆವು. ಆ ರಾತ್ರಿ ಹಿಡಿದ ಮಳೆ ಬಿಡಲಿಲ್ಲ. ಮುಂದಿನ ರಸ್ತೆ ಕೊಚ್ಚಿಹೋಯಿತು. ಕೆಲವು ದಿನ ಕಾದು ಹಿಂದಿರುಗಿದೆವು. ಮರುವರ್ಷ ಅಮ್ಮ ಹೋಗಿಬಿಟ್ಟರು. ಅವರಿಗೆ ಬದರಿಯಾತ್ರೆಯ ಫಲ ಬಂತೋ, ಇಲ್ಲವೋ? ಅದನ್ನು ತಪ್ಪಿಸಿದ ಪಾಪ ನನ್ನದೇ?"

ನಾನು ಆ ಕ್ಷಣಕ್ಕೆ, "ಸಂಕಲ್ಪವಿದ್ದರೆ ಸಾಕು, ಫಲವಿದ್ದೇ ಇದೆ" ಎಂದುಬಿಟ್ಟೆ. ಅವರು ತಲೆಬಾಗಿ ನಮಸ್ಕರಿಸಿ ಹೊರಟರು. ಆದರೆ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ. ನನಗೂ ಆಗಲಿಲ್ಲ. ಸಂಕಲ್ಪವೊಂದೇ ಸಾಕಾದರೆ ಶ್ರೀಮದಾಚಾರ್ಯರು ಉಡುಪಿಯಿಂದ ಹಿಮಾಲಯದವರೆಗೆ ಏಕೆ ನಡೆದರು? ಈ ಪ್ರಶ್ನೆಯನ್ನು ಇಟ್ಟುಕೊಂಡು ಆ ಹಾದಿಯನ್ನು ಇಂದು ನಿಮ್ಮೊಡನೆ ಮನಸ್ಸಿನಲ್ಲಿ ನಡೆಯಬೇಕೆಂದಿದ್ದೇನೆ.

ಹಿರಿಯರು ನಡೆದ ಹಾದಿ

ಇಂದು ಋಷಿಕೇಶದಿಂದ ಬದರಿಗೆ ಸುಮಾರು 300 ಕಿಲೋಮೀಟರ್ ದೂರದ ಡಾಂಬರು ರಸ್ತೆಯಿದೆ. 1962ರ ಚೀನಾ ಯುದ್ಧದ ತರುವಾಯ ಗಡಿಯ ರಕ್ಷಣೆಗಾಗಿ ಆ ಪರ್ವತಪ್ರಾಂತ್ಯದಲ್ಲಿ ರಸ್ತೆಗಳು ಬೇಗ ಬೇಗ ಬೆಳೆದವು. ಕ್ರಮೇಣ ದೇವಾಲಯದ ಸಮೀಪದವರೆಗೆ ವಾಹನಗಳು ಹೋಗುವಂತಾಯಿತು. ಅದಕ್ಕೆ ಮೊದಲು ಶತಮಾನಗಳ ಕಾಲ ಅಲ್ಲಿದ್ದುದು ಕಾಲುದಾರಿ. ಲಕ್ಷ್ಮಣಝೂಲಾ ಎಂಬಲ್ಲಿ ಗಂಗೆಯನ್ನು ಹಗ್ಗದ ತೂಗುಸೇತುವೆಯ ಮೇಲೆ ದಾಟಬೇಕಿತ್ತು. 1889ರಲ್ಲಿ ಅಲ್ಲಿ ಕಬ್ಬಿಣದ ಸೇತುವೆಯಾಯಿತು. 1924ರ ಪ್ರವಾಹದಲ್ಲಿ ಅದೂ ಕೊಚ್ಚಿಹೋಗಿ, ಮತ್ತೆ ಹೊಸದನ್ನು ಕಟ್ಟಬೇಕಾಯಿತು. ಅಲ್ಲಿಂದ ಮುಂದೆ ನದಿಯ ದಡವನ್ನೇ ಹಿಡಿದು ದೇವಪ್ರಯಾಗ. ಅಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರನ್ನು ಪಡೆಯುತ್ತವೆ. ಅನಂತರ ಅಲಕನಂದೆಯ ಜೊತೆಯಲ್ಲಿಯೇ ಪ್ರಯಾಣ: ಮಂದಾಕಿನಿ ಸೇರುವ ರುದ್ರಪ್ರಯಾಗ, ಪಿಂಡಾರ ನದಿ ಸೇರುವ ಕರ್ಣಪ್ರಯಾಗ, ನಂದಾಕಿನಿ ಸೇರುವ ನಂದಪ್ರಯಾಗ, ನರಸಿಂಹದೇವರ ಸನ್ನಿಧಿಯಿರುವ ಜೋಶಿಮಠ, ಧೌಲಿಗಂಗೆ ಸೇರುವ ವಿಷ್ಣುಪ್ರಯಾಗ, ಪಾಂಡುಕೇಶ್ವರ, ಹನುಮಾನ್ ಚಟ್ಟಿ, ಅಲ್ಲಿಂದ ಕಡಿದಾದ ಏರು. ಸಮುದ್ರಮಟ್ಟದಿಂದ 3,100 ಮೀಟರಿಗೂ ಹೆಚ್ಚು ಎತ್ತರದಲ್ಲಿ ನರ-ನಾರಾಯಣ ಪರ್ವತಗಳ ನಡುವೆ ಬದರಿಕಾಶ್ರಮ.

ಈ ಹಾದಿಯುದ್ದಕ್ಕೂ ಕೆಲವು ಮೈಲಿಗಳಿಗೊಂದರಂತೆ ಚಟ್ಟಿಗಳಿದ್ದವು. ಚಟ್ಟಿಯೆಂದರೆ ಮೂರು ಕಡೆ ಗೋಡೆಯಿದ್ದೋ ಇಲ್ಲದೆಯೋ ಇರುವ ಒಂದು ಮಾಡು, ಅದರ ಪಕ್ಕಕ್ಕೊಂದು ಅಂಗಡಿ. ಹಿಟ್ಟು, ಅಕ್ಕಿ, ಬೇಳೆ, ತುಪ್ಪಗಳನ್ನು ಅಂಗಡಿಯವನಲ್ಲಿ ಕೊಂಡರಾಯಿತು. ತಂಗುವುದಕ್ಕೆ ಬಾಡಿಗೆಯಿರಲಿಲ್ಲ, ಅಡಿಗೆಯ ಪಾತ್ರೆಗಳನ್ನೂ ಆತನೇ ಕೊಡುತ್ತಿದ್ದನು. ನಡೆಯಲಾರದ ವೃದ್ಧರನ್ನು ಬೆನ್ನಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊತ್ತೊಯ್ಯುವ ಬೆಟ್ಟದ ಆಳುಗಳಿದ್ದರು. ನಡೆದವರೂ ಇದ್ದರು, ಹೊರಿಸಿಕೊಂಡವರೂ ಇದ್ದರು, ಅರ್ಧದಾರಿಯಲ್ಲಿ ದೇಹ ಬಿಟ್ಟವರೂ ಇದ್ದರು. ಹೊರಡುವ ಮುನ್ನ ಮನೆಯ ವ್ಯವಹಾರಗಳನ್ನೆಲ್ಲ ಮುಗಿಸಿ, ಬಂಧುಗಳ ಅಪ್ಪಣೆ ಪಡೆದು, ಮರಳಿ ಬರುವ ಭರವಸೆಯಿಲ್ಲದೆಯೇ ಹೊರಡುವುದು ಹಿಂದಿನವರ ಪದ್ಧತಿಯಾಗಿತ್ತು.

ಶ್ರೀಮದಾಚಾರ್ಯರ ಬದರೀಯಾತ್ರೆ

ಚಟ್ಟಿಗಳ ಅನುಕೂಲವನ್ನೂ ಎಣಿಸುವಂತಿಲ್ಲದ 13ನೆಯ ಶತಮಾನದಲ್ಲಿ ಶ್ರೀಮದಾಚಾರ್ಯರು ಈ ಯಾತ್ರೆಯನ್ನು ಎರಡು ಬಾರಿ ಮಾಡಿದರೆಂಬುದನ್ನು ಶ್ರೀನಾರಾಯಣಪಂಡಿತಾಚಾರ್ಯರು ತಮ್ಮ ಹದಿನಾರು ಸರ್ಗಗಳ ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ಅದರಲ್ಲಿ ಮೂರು ಪ್ರಸಂಗಗಳನ್ನು ಮಾತ್ರ ಇಲ್ಲಿ ನೆನೆಯೋಣ.

ಮೊದಲನೆಯದು ಹೊರಡುವ ಪ್ರಸಂಗ. ಮೊದಲ ಯಾತ್ರೆಯಲ್ಲಿ ಆಚಾರ್ಯರು ಗೀತಾಭಾಷ್ಯವನ್ನು ಬದರೀನಾರಾಯಣನಿಗೆ ಸಮರ್ಪಿಸಿದರು. ಅನಂತಮಠದಲ್ಲಿದ್ದು 48 ದಿನಗಳ ಕಾಲ ಉಪವಾಸ ಸಹಿತವಾದ ಕಾಷ್ಠಮೌನವನ್ನು ಕೈಗೊಂಡರು. ಅನಂತರ ಶ್ರೀವೇದವ್ಯಾಸದೇವರ ಕರೆ ಬಂದಿತು. ಮೌನದಲ್ಲಿದ್ದುದರಿಂದ ಶಿಷ್ಯರಿಗೆ ಹೇಳಬೇಕಾದುದನ್ನು ಬರೆದು ತಿಳಿಸಿದರು. ತಾವು ಪ್ರಭುವಿನ ದರ್ಶನಕ್ಕೆ ಹೋಗುತ್ತಿರುವುದಾಗಿಯೂ, ಮರಳಿ ಬರುವುದೂ ಬಾರದಿರುವುದೂ ಅವನಿಗೇ ಗೊತ್ತಿರುವ ವಿಷಯವೆಂದೂ ಅದರ ತಾತ್ಪರ್ಯ. ಸಜ್ಜನರೇ, ಗಮನಿಸಿರಿ. ಸಾಕ್ಷಾತ್ ವಾಯುದೇವರ ಅವತಾರರಾದವರು, ಯಾವ ಪರ್ವತವೂ ಅಡ್ಡಿಯಾಗದವರು, ತಾವು ಮರಳುವುದನ್ನೂ ತಮ್ಮ ಕೈಯಲ್ಲಿದೆಯೆಂದು ಹೇಳಲಿಲ್ಲ. ಹಾಗಾದರೆ ಮುಂಗಡವಾಗಿ ಚೀಟಿ ಕಾದಿರಿಸಿ, ಇಷ್ಟನೆಯ ತಾರೀಖಿಗೆ ಹೋಗಿ ಇಷ್ಟನೆಯ ತಾರೀಖಿಗೆ ಬರುತ್ತೇವೆಂದು ನಿಶ್ಚಯಿಸುವ ನಾವು ಎಷ್ಟರವರು? ಕಾದಿರಿಸುವುದು ತಪ್ಪಲ್ಲ, ಅದರ ಕೆಳಗೆ ನಮ್ಮದೇ ರುಜು ಹಾಕಿಕೊಳ್ಳುವುದು ತಪ್ಪು.

ಎರಡನೆಯದು ಹಿಂದಿರುಗಿದ ಪ್ರಸಂಗ. ಗುರುಗಳು ಒಬ್ಬರೇ ಉತ್ತರಬದರಿಗೆ ಹೊರಟುದನ್ನು ಕಂಡು ಶಿಷ್ಯರಾದ ಸತ್ಯತೀರ್ಥರಿಗೆ ವಿರಹವನ್ನು ತಡೆಯಲಾಗಲಿಲ್ಲ. ಹಿಂದೆಯೇ ಓಡಿದರು. ಬಂಡೆಗಳ ಮೇಲೆ, ಹಿಮದ ನಡುವೆ, ದಿನವಿಡೀ ಶ್ರಮಿಸಿದರೂ ಗುರುಗಳನ್ನು ಸೇರಲಾಗಲಿಲ್ಲ. ಸೂರ್ಯನು ಮುಳುಗುವ ವೇಳೆಗೆ, ಶಿಲೆಯಿಂದ ಶಿಲೆಗೆ ಲಂಘಿಸುತ್ತ ದೂರದಲ್ಲಿ ಸಾಗುತ್ತಿದ್ದ ಆಚಾರ್ಯರು ಕಣ್ಣಿಗೆ ಬಿದ್ದರು. ಅವರು ತಿರುಗಿ ನೋಡಿ, ಹಿಂದಿರುಗೆಂದು ಕೈಬೀಸಿದರು. ಆ ಕೈಯ ಗಾಳಿಯೇ ಹೊತ್ತು ತಂದಂತೆ, ಅಷ್ಟು ಕಷ್ಟದಿಂದ ಕ್ರಮಿಸಿದ ದಾರಿಯನ್ನು ಸತ್ಯತೀರ್ಥರು ಅಲ್ಪಕಾಲದಲ್ಲಿಯೇ ಹಿಂದಕ್ಕೆ ದಾಟಿ ಮಠವನ್ನು ಸೇರಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಏರುವಾಗ ಸತ್ಯತೀರ್ಥರು ತಮ್ಮ ಕಾಲಿನ ಬಲದಿಂದ ನಡೆದೆನೆಂದು ತಿಳಿದಿದ್ದರೂ ತಿಳಿದಿರಬಹುದು. ಇಳಿಯುವಾಗ ಹಾಗೆ ತಿಳಿಯುವ ಅವಕಾಶವೇ ಉಳಿಯಲಿಲ್ಲ. ನಡೆಸಿದವರು ಯಾರೆಂಬುದು ಹಿಂದಿರುಗುವ ದಾರಿಯಲ್ಲಿ ಸ್ಪಷ್ಟವಾಯಿತು.

ಮೂರನೆಯದು ಎರಡನೆಯ ಯಾತ್ರೆಯ ಪ್ರಸಂಗ. ಮಹಾರಾಷ್ಟ್ರದಲ್ಲಿ ಈಶ್ವರದೇವನೆಂಬ ರಾಜನು ದಾರಿಹೋಕರನ್ನೆಲ್ಲ ಹಿಡಿದು ನೆಲ ಅಗೆಯುವ ಕೆಲಸಕ್ಕೆ ಹಚ್ಚುತ್ತಿದ್ದನು. ದೇವಗಿರಿಯಲ್ಲಿ 1260ರ ದಶಕದಲ್ಲಿ ಆಳಿದ ಯಾದವ ಮಹಾದೇವನೇ ಈತನೆಂದು ಗುರುತಿಸುವವರಿದ್ದಾರೆ. ಆಚಾರ್ಯರನ್ನೂ ಆತನು ಅಗೆಯುವಂತೆ ಆಜ್ಞಾಪಿಸಿದನು. ಅಗೆಯುವುದು ಹೇಗೆಂದು ನೀನೇ ಮೊದಲು ತೋರಿಸಿಕೊಡು ಎಂದರು ಆಚಾರ್ಯರು. ರಾಜನು ಅಗೆಯತೊಡಗಿದನು, ಅಗೆಯುತ್ತಲೇ ಇದ್ದನು, ನಿಲ್ಲಿಸಬೇಕೆಂದರೂ ನಿಲ್ಲಿಸಲಾರದೆ ಹೋದನು. ಆಚಾರ್ಯರು ತಮ್ಮ ದಾರಿ ಹಿಡಿದು ಮುಂದೆ ನಡೆದರು. ಎಲ್ಲರಿಂದಲೂ ಕೆಲಸ ಮಾಡಿಸುವವನು ತಾನೆಂದು ಬೀಗುತ್ತಿದ್ದವನಿಗೆ ತನ್ನ ಎರಡು ಕೈಗಳೇ ತನ್ನ ವಶದಲ್ಲಿಲ್ಲವೆಂಬುದು ಅರ್ಥವಾದ ಬಗೆ ಇದು. ಕಥೆ ಕೇಳಿ ನಾವು ನಗುತ್ತೇವೆ. ಆದರೆ ಯಾತ್ರೆ ಮಾಡಿಬಂದು "ನಾನು ಇಷ್ಟು ಮೈಲಿ ನಡೆದೆ, ಇಷ್ಟು ಕ್ಷೇತ್ರ ನೋಡಿದೆ" ಎಂದು ಮಂತ್ರಾಕ್ಷತೆಯೊಡನೆ ಹಂಚುವಾಗ ನಮ್ಮ ಕೈಯಲ್ಲಿರುವುದೂ ಈಶ್ವರದೇವನ ಗುದ್ದಲಿಯೇ ಎಂಬುದನ್ನು ಮರೆಯುತ್ತೇವೆ.

ಹಾಗಾದರೆ ನಡೆಯುವುದೇಕೆ?

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ನಡೆಸುವವನು ಹರಿಯೇ ಆದರೆ ನಾವು ನಡೆಯುವುದೇಕೆ? ಮನೆಯಲ್ಲಿ ಕುಳಿತೇ ಇರಬಹುದಲ್ಲ?

ನಮ್ಮ ಸಿದ್ಧಾಂತವು ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಹೇಳುವುದಿಲ್ಲ. ಜೀವನ ಕರ್ತೃತ್ವವು ಸತ್ಯವಾದುದು, ಆದರೆ ಸ್ವತಂತ್ರವಾದುದಲ್ಲ, ಭಗವಂತನ ಅಧೀನವಾದುದು. ಕಾಲು ನಮ್ಮದು, ಶ್ರಮ ನಮ್ಮದು, ಬೆವರು ನಮ್ಮದು. ಆದರೆ ಕಾಲಿಗೆ ಏಳುವ ಶಕ್ತಿ, ಏಳಬೇಕೆಂಬ ಇಚ್ಛೆ, ಇಟ್ಟಲ್ಲಿ ನೆಲ ಕುಸಿಯದಿರುವ ಭಾಗ್ಯ, ಇವು ನಮ್ಮವಲ್ಲ. ಪ್ರಯತ್ನ ಮಾಡದವನು ಭಗವಂತನು ಕೊಟ್ಟ ಶಕ್ತಿಯನ್ನೇ ತಿರಸ್ಕರಿಸಿದವನಾಗುತ್ತಾನೆ. ದಾನದಲ್ಲಿ ವಿತ್ತಶಾಠ್ಯವು ದೋಷವಾಗಿರುವಂತೆ ಯಾತ್ರೆಯಲ್ಲಿ ದೇಹಶಾಠ್ಯವೂ ದೋಷವೇ. ಶಕ್ತಿಯುಳ್ಳವನು ಸೇವಾಭಾವದಿಂದ ಸ್ವಲ್ಪ ದೂರವಾದರೂ ನಡೆಯತಕ್ಕದ್ದು. ಶಕ್ತಿಯಿಲ್ಲದವನು ವಾಹನದಲ್ಲಿಯೇ ಹೋಗಲಿ, ಸಂಕೋಚ ಬೇಡ. ಯಾತ್ರೆಯಿಂದ ಬಂದ ಮೇಲೆ "ನಾನು" ಎಂಬುದು ಬೆಳೆದಿದೆಯೋ, ಕರಗಿದೆಯೋ, ಇಬ್ಬರೂ ನೋಡಿಕೊಳ್ಳಬೇಕಾದುದು ಇದನ್ನೇ.

ಇನ್ನು ನಡೆಯುವಾಗ ಮಾಡಬೇಕಾದ ಅನುಸಂಧಾನವನ್ನು ಆ ಪರ್ವತವೇ ಕಲಿಸುತ್ತದೆ. ಹನುಮಾನ್ ಚಟ್ಟಿಯಲ್ಲಿ ಪ್ರಾಣದೇವರ ಗುಡಿಯಿದೆ. ಸೌಗಂಧಿಕಾ ಪುಷ್ಪವನ್ನರಸಿ ಹೊರಟ ಭೀಮಸೇನದೇವರಿಗೆ ಹನುಮಂತದೇವರು ಕಾಣಿಸಿಕೊಂಡುದು ಇಲ್ಲಿಯೇ ಎಂದು ಆ ಪ್ರಾಂತ್ಯದ ಜನರ ನಂಬಿಕೆ. ಇಬ್ಬರೂ ವಾಯುದೇವರ ರೂಪಗಳೇ. ಅದೇ ವಾಯುದೇವರ ಮೂರನೆಯ ಅವತಾರರಾದ ಆಚಾರ್ಯರು ನಡೆದುದೂ ಬದರಿಗೇ. ಅಲ್ಲಿಂದ ಮೇಲಕ್ಕೆ ಏರತೊಡಗಿದೊಡನೆ ಗಾಳಿ ತೆಳುವಾಗುತ್ತದೆ. ಹತ್ತು ಹೆಜ್ಜೆಗೆ ಉಸಿರು ಕಟ್ಟುತ್ತದೆ. ಊರಿನಲ್ಲಿ ನಾವು ಉಸಿರಾಡುತ್ತೇವೆಂಬ ನೆನಪೇ ನಮಗಿರುವುದಿಲ್ಲ. ನಮ್ಮೊಳಗಿದ್ದು ಮುಖ್ಯಪ್ರಾಣದೇವರು ದಿನವೊಂದಕ್ಕೆ 21,600 ಶ್ವಾಸಗಳಿಂದ ಹಂಸಮಂತ್ರದ ಜಪವನ್ನು ನಡೆಸುತ್ತಿದ್ದಾರೆಂದು ಬಾಲ್ಯದಿಂದ ಕೇಳಿರುತ್ತೇವೆ, ಕೇಳಿ ಮರೆತಿರುತ್ತೇವೆ. ಆ ಏರಿನಲ್ಲಿ ಒಂದೊಂದು ಉಸಿರೂ ಬೇರೆಯವರು ಕೊಟ್ಟ ಭಿಕ್ಷೆಯೆಂಬುದು ಎದೆಯೇ ಬಲ್ಲ ಸತ್ಯವಾಗುತ್ತದೆ. ಕಾಲುನಡಿಗೆಯ ಮಹತ್ತ್ವವಿರುವುದು ಇಲ್ಲಿ. ದೇಹದಂಡನೆಗಾಗಿ ನಡೆಯುವುದಲ್ಲ; ನಡೆಸುವವನನ್ನು ಕಾಣುವುದಕ್ಕಾಗಿ ನಡೆಯುವುದು.

ಆ ಪರ್ವತವು ಮತ್ತೊಂದು ಪಾಠವನ್ನೂ ಹೇಳುತ್ತದೆ. 2013ರ ಜೂನ್ 16 ಮತ್ತು 17ರ ಜಲಪ್ರಳಯದಲ್ಲಿ ಕೇದಾರದ ಕಣಿವೆಯಲ್ಲಿ ಸಾವಿರಾರು ಜನರು ಪ್ರಾಣವನ್ನು ಕಳೆದುಕೊಂಡರು. ಬದರಿಯ ದಾರಿಯೂ ಹಲವೆಡೆ ಕಡಿದುಹೋಯಿತು. 2023ರ ಜನವರಿಯಲ್ಲಿ ಜೋಶಿಮಠದ ನೂರಾರು ಮನೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡು, ಅನೇಕ ಕುಟುಂಬಗಳು ಮನೆ ಬಿಡಬೇಕಾಯಿತು. ನಾವು ಸ್ಥಿರವೆಂದು ನಂಬಿ ಕಾಲಿಡುವ ಬೆಟ್ಟವೇ ಸ್ಥಿರವಲ್ಲ. ಯಾತ್ರಿಕರು ಅಲ್ಲಿಯ ಜನರ ಕಷ್ಟವನ್ನು ಮನಸ್ಸಿನಲ್ಲಿಟ್ಟು, ಆ ನೆಲದ ಮೇಲೆ ತಮ್ಮ ಭಾರವನ್ನು ಹಗುರಾಗಿ ಇಡುವುದೂ ತೀರ್ಥಯಾತ್ರೆಯ ಧರ್ಮವೇ ಆಗಿದೆ.

ಹಿಂದಿರುಗಿದವರ ಯಾತ್ರೆ

ಈಗ ಆ ಗೃಹಸ್ಥರ ಪ್ರಶ್ನೆಗೆ ಬರೋಣ. ಕೆಲವು ತಿಂಗಳ ಬಳಿಕ ಅವರು ಮತ್ತೆ ಸಿಕ್ಕಿದರು. "ರಾಯರೇ, ಅಂದು ನಾನು ಅವಸರದ ಉತ್ತರ ಕೊಟ್ಟೆ. ಹಿಂದಿರುಗಿದ ಮೇಲೆ ತಾಯಿಯವರು ಆ ಒಂದು ವರ್ಷ ಹೇಗಿದ್ದರು, ಹೇಳಿ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ದಿನವೂ ಬೆಳಿಗ್ಗೆ ತುಳಸಿಗೆ ಪ್ರದಕ್ಷಿಣೆ ಬರುವಾಗ ಒಂದೊಂದು ಸುತ್ತಿಗೆ ಒಂದೊಂದು ಹೆಸರು ಹೇಳುತ್ತಿದ್ದರು. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ಹೀಗೆ. ಜೋಶಿಮಠದ ವರೆಗೆ ಕಂಡದ್ದು, ಆಮೇಲಿನದು ಕೇಳಿದ್ದು. ಕೊನೆಯ ಸುತ್ತಿಗೆ ಬದರಿ ಎಂದು ಹೇಳಿ ಮೊಣಕಾಲು ಹಿಡಿದುಕೊಂಡು ಕುಳಿತುಬಿಡುತ್ತಿದ್ದರು. ಏಕಾದಶಿಯ ದಿನ ನನ್ನಿಂದ ತೀರ್ಥಪ್ರಬಂಧವನ್ನು ಓದಿಸುತ್ತಿದ್ದರು. ಅದಕ್ಕೆ ಮೊದಲು ನಾನು ಆ ಪುಸ್ತಕವನ್ನು ತೆರೆದವನೇ ಅಲ್ಲ."

ಶ್ರೀವಾದಿರಾಜಶ್ರೀಪಾದರು 16ನೆಯ ಶತಮಾನದಲ್ಲಿ ಭಾರತವನ್ನೆಲ್ಲ ಸಂಚರಿಸಿ, ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂಬ ನಾಲ್ಕು ಪ್ರಬಂಧಗಳಲ್ಲಿ ತಾವು ಸೇವಿಸಿದ ಕ್ಷೇತ್ರಗಳನ್ನು ಸ್ತುತಿಸಿದರು. ಬದರಿಯು ಅದರ ಉತ್ತರಪ್ರಬಂಧದಲ್ಲಿದೆ. ತಾವು ನಡೆದು ಪಡೆದುದನ್ನು ನಡೆಯಲಾರದವರ ಮನೆಬಾಗಿಲಿಗೆ ತಂದಿಟ್ಟ ಕಾರುಣ್ಯವದು.

ಸತ್ಯತೀರ್ಥರ ಕಥೆಯ ಉಳಿದ ಭಾಗವನ್ನು ಆಗ ಅವರಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ಶ್ರೀಮದಾಚಾರ್ಯರು ಉತ್ತರಬದರಿಯಿಂದ ಮರಳಿ ಬಂದು ಬ್ರಹ್ಮಸೂತ್ರಭಾಷ್ಯವನ್ನು ರಚಿಸಿದರು. ಅವರು ಹೇಳಿದುದನ್ನು ಬರೆದುಕೊಂಡ ಕೈ ಯಾರದು? ಅದೇ ಸತ್ಯತೀರ್ಥರದು. ಯಾವ ಶಿಷ್ಯನನ್ನು ಅರ್ಧದಾರಿಯಲ್ಲಿ ಕೈಬೀಸಿ ಹಿಂದಕ್ಕೆ ಕಳಿಸಿದರೋ, ಆತನಿಗೆ ಭಾಷ್ಯವನ್ನು ಮೊದಲು ಬರೆಯುವ ಭಾಗ್ಯವು ಕಾದಿತ್ತು. ಹಿಂದಕ್ಕೆ ಕಳಿಸಿದುದು ನಿರಾಕರಣೆಯಾಗಿರಲಿಲ್ಲ. ಬೇರೊಂದು ಸೇವೆಗೆ ಇರಿಸಿಕೊಂಡುದಾಗಿತ್ತು.

"ರಾಯರೇ, ಫಲವೆಷ್ಟೆಂದು ಅಳೆಯುವ ಅಧಿಕಾರ ನನಗಿಲ್ಲ. ಅದು ಬದರೀನಾರಾಯಣನದು. ಆದರೆ ಜೋಶಿಮಠದಿಂದ ಹಿಂದಿರುಗಿಸಿದವನೂ ಅವನೇ, ಮರಳಿ ತಂದು ಒಂದು ವರ್ಷದ ಪ್ರದಕ್ಷಿಣೆಯನ್ನು ಮಾಡಿಸಿದವನೂ ಅವನೇ. ನಿಮ್ಮಿಂದ ಪುಸ್ತಕವನ್ನು ತೆರೆಸಿದುದೂ ಆ ಯಾತ್ರೆಯೇ. ಇನ್ನು ನಿಮ್ಮ ಪಾಪದ ಮಾತು. ಇಪ್ಪತ್ತು ವರ್ಷ ಮುಂದಕ್ಕೆ ಹಾಕಿದ್ದು ತಪ್ಪೇ. ಅದನ್ನು ಅಲ್ಲವೆಂದು ನಾನು ಹೇಳಲಾರೆ. ತಾಯಿ ಕೇಳಿದುದನ್ನು ಕೊಡುವ ಶಕ್ತಿಯಿದ್ದಾಗ ಕೊಡಬೇಕಿತ್ತು. ಅದಕ್ಕೆ ಕೃಷ್ಣನಲ್ಲಿ ಕ್ಷಮೆ ಬೇಡಿರಿ. ಆದರೆ ಮಳೆಯನ್ನು ಸುರಿಸಿದವರು ನೀವಲ್ಲ, ಬೆಟ್ಟವನ್ನು ಕೆಡವಿದವರು ನೀವಲ್ಲ. ಮಾಡಿದುದನ್ನು ಮಾತ್ರ ಒಪ್ಪಿಕೊಳ್ಳಿ; ಮಾಡದುದರ ಕರ್ತೃತ್ವವನ್ನು ಹೊತ್ತುಕೊಳ್ಳಬೇಡಿ. ದುಃಖದಲ್ಲಿಯೂ 'ನಾನೇ ಕರ್ತ' ಎನ್ನುವುದು ಅಹಂಕಾರದ ಇನ್ನೊಂದು ಮುಖ."

ಅವರ ಕಣ್ಣು ತುಂಬಿ ಬಂದಿತು. "ಹಾಗಾದರೆ ನಾನು ಮತ್ತೆ ಹೋಗಬಹುದೇ?" ಎಂದರು.

"ಅವಶ್ಯವಾಗಿ ಹೋಗಿರಿ. ಹನುಮಾನ್ ಚಟ್ಟಿಯಿಂದ ನಿಮ್ಮ ಶಕ್ತಿಯಿದ್ದಷ್ಟು ನಡೆಯಿರಿ. ಬ್ರಹ್ಮಕಪಾಲದಲ್ಲಿ ತಾಯಿಯವರಿಗೆ ಪಿಂಡಪ್ರದಾನ ಮಾಡಿರಿ. ದಾರಿ ತೆರೆಯದಿದ್ದರೆ ಕೈಮುಗಿದು ಹಿಂದಿರುಗಿರಿ" ಎಂದೆ.

ಮಹಾಜನರೇ, ನಮ್ಮ ನಿಮ್ಮ ಮನೆಗಳಲ್ಲಿಯೂ ಬದರಿಯ ಹಂಬಲ ಹೊತ್ತ ವೃದ್ಧರಿದ್ದಾರೆ. ಅಕ್ಷಯತದಿಗೆಯ ಸುಮಾರಿಗೆ ಆ ದೇವಾಲಯದ ಬಾಗಿಲು ತೆರೆಯುತ್ತದೆ, ದೀಪಾವಳಿಯ ಬಳಿಕ ಹಿಮಕಾಲಕ್ಕೆ ಮುಚ್ಚುತ್ತದೆ. ಶಕ್ತಿಯೂ ಸೌಕರ್ಯವೂ ಇರುವವರು ಹಿರಿಯರ ಮಾತನ್ನು ಮುಂದಿನ ವರ್ಷಕ್ಕೆ ತಳ್ಳದಿರಲಿ. ದೇಹ ಒಪ್ಪದವರು ತೀರ್ಥಪ್ರಬಂಧವನ್ನು ಕೈಗೆತ್ತಿಕೊಳ್ಳಲಿ, ಮನೆಯ ಮಕ್ಕಳಿಂದ ಓದಿಸಲಿ. ಮುಟ್ಟಿದವರು ಮುಟ್ಟಿಸಿದವನನ್ನು ನೆನೆಯಲಿ. ಹಿಂದಿರುಗಿದವರು ಕೈಬೀಸಿದವನನ್ನು ನೆನೆಯಲಿ. ಎರಡು ದಾರಿಗಳಲ್ಲಿಯೂ ನಡೆಸುವವನು ಒಬ್ಬನೇ.

ಆ ಅರಿವನ್ನು ಶ್ರೀಬದರೀನಾರಾಯಣನು, ಶ್ರೀಮದಾಚಾರ್ಯರ ಅಂತರ್ಯಾಮಿಯಾಗಿ ನಿಂತು, ನಮ್ಮೆಲ್ಲರಿಗೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥